ಮೂವರಿಗೂ ಐವತ್ತೆಂಟು ಕಿಲೋ

ಉಡುಪಿಯಲ್ಲಿ ನಮ್ಮ ಫ್ಲ್ಯಾಟಿನ ಹತ್ತಿರವೇ ಒಂದು ಕಾಲೇಜಿದೆ. ಅಲ್ಲಿ ಪ್ರವಾಸೋದ್ಯಮ ಕಲಿಯುವ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಸೌದಿಯಲ್ಲಿ ಕೂತು ಇಪ್ಪತ್ತು ವರ್ಷ ಜನರನ್ನು ದೇಶ ದೇಶ ತಿರುಗಿಸಿದ ಫೆಲಿಕ್ಸ್ ಅಂಕಲ್ ಇವರೇ ಎಂದು ಯಾರೋ ಹೇಳಿರುತ್ತಾರೆ. ನೋಟ್ ಪುಸ್ತಕ ತೆರೆದು, "ಅಂಕಲ್, ಸಫಾರಿ ಪ್ಲಾನ್ ಮಾಡುವಾಗ ಎಲ್ಲಕ್ಕಿಂತ ಮುಖ್ಯ ಎಂತದು?" ಎಂದು ಕೇಳುತ್ತಾರೆ. ಆನೆ, ಸಿಂಹ, ಕ್ಯಾಮೆರಾ ಎಂದು ಏನಾದರೂ ಹೇಳುತ್ತೇನೆಂದು ಪೆನ್ನು ಹಿಡಿದು ಕಾಯುತ್ತಾರೆ. "ಪ್ರಯಾಣಿಕರ ತೂಕ" ಎನ್ನುತ್ತೇನೆ. ಒಬ್ಬರ ಮುಖ ಒಬ್ಬರು ನೋಡಿ ನಗುತ್ತಾರೆ. ವಯಸ್ಸಾಯಿತು, ಅಂಕಲಿಗೆ ಸ್ವಲ್ಪ ಹಾಗೆ ಎಂದು ಲೆಕ್ಕ ಹಾಕುತ್ತಾರೋ ಏನೋ. ಪೂರ್ತಿ ಹೇಳಲು ಅವರಿಗೂ ಪುರುಸೊತ್ತಿಲ್ಲ, ಬಸ್ಸಿನ ಸಮಯ ಆಗಿರುತ್ತದೆ. ಆದ್ದರಿಂದ ಬರೆದಿಡುತ್ತಿದ್ದೇನೆ.

ತೊಂಬತ್ತರ ದಶಕದಲ್ಲಿ ನಾನು ರಿಯಾದಿನ ಒಲಾಯಾದಲ್ಲಿದ್ದ ಒಂದು ಟ್ರಾವೆಲ್ ಏಜೆನ್ಸಿಯಲ್ಲಿದ್ದೆ. ನಾಲ್ಕು ಮೇಜು, ಒಂದು ಫ್ಯಾಕ್ಸ್ ಯಂತ್ರ, ಗೋಡೆಯ ತುಂಬ ಜಗತ್ತಿನ ನಕ್ಷೆ. ಮ್ಯಾನೇಜರ್ ಭಟ್ಕಳದ ಇಸ್ಮಾಯಿಲ್ ಸಾಹೇಬರು. ಅವರ ಮನೆಮಾತು ನವಾಯತಿ, ನನ್ನದು ಕೊಂಕಣಿ, ನಮ್ಮಿಬ್ಬರ ನಡುವೆ ಕನ್ನಡ. ಸಿಟ್ಟು ಬಂದಾಗ ಮಾತ್ರ ಅವರು ಹಿಂದಿಗೆ ಹೋಗುತ್ತಿದ್ದರು. ಹಾಗಾಗಿ ಅವರ ಬಾಯಲ್ಲಿ ಹಿಂದಿ ಕೇಳಿದ ಕೂಡಲೇ ನಾನು ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದೆ.

ಆಗ ಕಂಪ್ಯೂಟರಿನಲ್ಲಿ ಟಿಕೆಟ್ ಮಾಡಬಹುದಿತ್ತು, ಅಷ್ಟೆ. ಕಾಡಿನ ಒಳಗಿನ ಕ್ಯಾಂಪು, ಜೀಪು, ದೋಣಿ, ಊಟ, ಎಲ್ಲ ಫ್ಯಾಕ್ಸಿನಲ್ಲಿ. ಇವತ್ತು ಕೇಳಿದ್ದಕ್ಕೆ ನಾಳೆಯೋ ನಾಡಿದ್ದೋ ಉತ್ತರ. ಫೋಟೋ ಇಲ್ಲ, ವಿಡಿಯೋ ಇಲ್ಲ. ಕಾಣದ ಜಾಗಕ್ಕೆ, ನಾವು ಕಾಣದ ಜನರ ಭರವಸೆಯ ಮೇಲೆ ಗಿರಾಕಿಯನ್ನು ಕಳಿಸಬೇಕು. ಇದಕ್ಕೆ ಇಸ್ಮಾಯಿಲ್ ಸಾಹೇಬರು ಒಂದು ಉಪಾಯ ಮಾಡಿದ್ದರು. ಕಾರ್ಯಕ್ರಮ ತಯಾರಾದ ಮೇಲೆ ನನ್ನನ್ನು ಎದುರಿನ ಕುರ್ಚಿಯಲ್ಲಿ ಕೂರಿಸಿ, "ಕಣ್ಣು ಮುಚ್ಚು. ಈಗ ನೀನೇ ಗಿರಾಕಿ. ಮನೆಯಿಂದ ಹೊರಟೆ. ಎಂತ ಕಾಣ್ತದೆ ಹೇಳು" ಎನ್ನುತ್ತಿದ್ದರು. ನಾನು ಟ್ಯಾಕ್ಸಿ ಹತ್ತಿ, ವಿಮಾನ ಹತ್ತಿ, ಇಳಿದು, ಹೇಳುತ್ತಾ ಹೋಗಬೇಕು. ನಡುವೆ ಅವರು, "ಈಗ ಹಸಿವಾಯ್ತು, ಎಂತ ತಿಂತಿ?", "ಮಗುವಿಗೆ ಒಂದಕ್ಕೆ ಬಂತು, ಎಲ್ಲಿ ಹೋಗ್ತಿ?" ಎಂದು ಕೇಳುತ್ತಿದ್ದರು. ಉತ್ತರ ಗೊತ್ತಿಲ್ಲದಿದ್ದರೆ ಕಣ್ಣು ತೆರೆದು ಫ್ಯಾಕ್ಸ್ ಮಾಡಬೇಕು. ಮೊದಮೊದಲು ನನಗೆ ಇದು ಹುಚ್ಚಾಟ ಎನ್ನಿಸುತ್ತಿತ್ತು. ನಿವೃತ್ತಿಯಾಗುವವರೆಗೂ ನಾನು ಅದನ್ನೇ ಮಾಡಿದೆ.

ವರ್ಣಭೇದ ಮುಗಿದು ದಕ್ಷಿಣ ಆಫ್ರಿಕಾದ ದಾರಿ ತೆರೆದ ಮೇಲೆ ನಮ್ಮಲ್ಲಿ ಬೋಟ್ಸ್ವಾನಾದ ಒಕವಾಂಗೋ ಡೆಲ್ಟಾವನ್ನು ಕೇಳಿಕೊಂಡು ಜನ ಬರತೊಡಗಿದರು. ಮೊದಲು ಬಂದವರು ಹೊರದೇಶಗಳಿಂದ ಸೌದಿಗೆ ದುಡಿಯಲು ಬಂದ ಎಂಜಿನಿಯರುಗಳು, ವೈದ್ಯರು. ಮೊದಲ ಜೋಡಿಯನ್ನು, ಒಬ್ಬ ಡಾಕ್ಟರು ಮತ್ತು ಅವರ ಹೆಂಡತಿಯನ್ನು, ನಾನು ಜುಲೈಯಲ್ಲಿ ತೆಳ್ಳಗಿನ ಅಂಗಿಯಲ್ಲಿ ಕಳಿಸಿದೆ. ಆಫ್ರಿಕಾ ಎಂದರೆ ಸೆಖೆ, ಜುಲೈ ಎಂದರೆ ರಿಯಾದಿನಲ್ಲಿ ಬೆಂಕಿ, ಇಷ್ಟೇ ನನ್ನ ಜ್ಞಾನ. ಅಲ್ಲಿ ಜುಲೈ ಚಳಿಗಾಲ. ಬೆಳಿಗ್ಗೆ ತೆರೆದ ಜೀಪಿನಲ್ಲಿ ಹೋಟೆಲಿನ ಕಂಬಳಿ ಹೊದ್ದು ಸಿಂಹ ನೋಡಿ ಬಂದ ಆ ಡಾಕ್ಟರು, "ಸಿಂಹಕ್ಕೂ ನಡುಕ ಇತ್ತು ಕಣಯ್ಯ" ಎಂದು ಒಂದೇ ಮಾತು ಹೇಳಿ ಹೋದರು. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲ.

ಅಬು ಸಾಲೆಹ್ ನಮ್ಮ ಕಛೇರಿಗೆ ಬಂದದ್ದು ಅದರ ಮರುವರ್ಷ. ಸಾಲೆಹ್ ಎಂಬುದು ಅವರ ಹಿರಿಮಗನ ಹೆಸರು. ಮಗನ ಹೆಸರು ಹಿಡಿದು ತಂದೆಯನ್ನು ಕರೆಯುವುದು ಅಲ್ಲಿಯ ಮರ್ಯಾದೆ. ತೆಳ್ಳಗಿನ, ಎತ್ತರದ ಮನುಷ್ಯ. ಡೆಲ್ಟಾಕ್ಕೆ ಹೋಗಬೇಕು, ನಾಲ್ಕು ಜನ, ಜುಲೈಯಲ್ಲೇ ಆಗಬೇಕು ಎಂದರು. ನಮ್ಮ ಏಜೆನ್ಸಿಯಿಂದ ಅಲ್ಲಿಗೆ ಹೊರಟ ಮೊದಲ ಸೌದಿ ಕುಟುಂಬ ಅದು. ನಾನು ಹುರುಪಿನಿಂದ ಕಾರ್ಯಕ್ರಮ ಟೈಪ್ ಮಾಡಿ ಕೊಟ್ಟೆ. ಅವರು ಓದುತ್ತಾ ಓದುತ್ತಾ ಒಂದು ಕಡೆ ಕನ್ನಡಕ ತೆಗೆದರು.

"ಯಾ ಫೆಲಿಕ್ಸ್, ನಾಲ್ಕನೇ ದಿನ ಸಂಜೆ ಸಮುದ್ರ ತೀರದಲ್ಲಿ ವಿಹಾರ ಎಂದು ಬರೆದಿದ್ದೀಯ. ಈ ಸಮುದ್ರವನ್ನು ಎಲ್ಲಿಂದ ತಂದೆ? ನಾನು ಮೂವತ್ತು ವರ್ಷ ಶಾಲೆಯಲ್ಲಿ ಭೂಗೋಳ ಕಲಿಸಿದವನು. ನನಗೆ ಸಿಕ್ಕಿರಲಿಲ್ಲ."

ನಾನು ಕಲ್ಯಾಣಪುರದ ಕಡೆಯವನು. ಸ್ವರ್ಣಾ ನದಿ ಹೋಗಿ ಕಡಲು ಸೇರುವ ಅಳಿವೆಯನ್ನು ನೋಡುತ್ತಾ ಬೆಳೆದವನು. ಡೆಲ್ಟಾ ಎಂದರೆ ನನ್ನ ಪಾಲಿಗೆ ಅಳಿವೆ. ನದಿ ಎಂದ ಮೇಲೆ ಕಡಲು ಸೇರದೆ ಇನ್ನೆಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯೇ ನನಗೆ ಹುಟ್ಟಿರಲಿಲ್ಲ. ನಕ್ಷೆ ಬೆನ್ನ ಹಿಂದೆಯೇ ತೂಗುತ್ತಿತ್ತು. ತಿರುಗಿ ನೋಡಿರಲಿಲ್ಲ.

ಅಬು ಸಾಲೆಹ್ ಅದೇ ಹಾಳೆಯ ಹಿಂಬದಿಯಲ್ಲಿ ಪೆನ್ನಿನಿಂದ ಬಿಡಿಸಿ ತೋರಿಸಿದರು. ಅಂಗೋಲಾದ ಗುಡ್ಡಗಳಲ್ಲಿ ಮಳೆ ಬೀಳುತ್ತದೆ. ಆ ನೀರು ದಕ್ಷಿಣಕ್ಕೆ ಹೊರಟು ಕಲಹಾರಿ ಮರಳುಗಾಡಿಗೆ ಬಂದು ಕೈಬೆರಳಿನ ಹಾಗೆ ಹರಡಿಕೊಳ್ಳುತ್ತದೆ. ಅಲ್ಲೇ ಮರಳು ಅರ್ಧ ಕುಡಿಯುತ್ತದೆ, ಬಿಸಿಲು ಅರ್ಧ ಕುಡಿಯುತ್ತದೆ. ಕಡಲಿನ ಮುಖವನ್ನೇ ನೋಡುವುದಿಲ್ಲ. ಮಳೆ ಬಿದ್ದು ತಿಂಗಳುಗಟ್ಟಲೆ ನಡೆದು, ಮೋಡದ ಸುಳಿವೇ ಇಲ್ಲದ ಒಣಗಾಲದಲ್ಲಿ ನೀರು ಅಲ್ಲಿಗೆ ತಲುಪುತ್ತದೆ. ಅದಕ್ಕೇ ಜುಲೈ ಎಂದರು.

ಆಮೇಲೆ ಪೆನ್ನು ಮುಚ್ಚಿ ಸ್ವಲ್ಪ ತಗ್ಗಿದ ದನಿಯಲ್ಲಿ ಹೇಳಿದರು: "ಇದು ನನಗಾಗಿ ಅಲ್ಲ, ನನ್ನ ತಾಯಿಗಾಗಿ. ಅವಳಿಗೆ ಓದು ಬಾರದು. ನಾನು ಓದುವ ಕಾಲದಲ್ಲಿ ಅಟ್ಲಾಸ್ ಹಿಡಿದು ಗಟ್ಟಿಯಾಗಿ ಪಾಠ ಒಪ್ಪಿಸುವಾಗ ಕೂತು ಕೇಳುತ್ತಿದ್ದಳು. ಉಳಿದ ಎಲ್ಲ ನದಿಗಳನ್ನು ಮರೆತಳು. ಮರಳುಗಾಡಿಗೆ ಬರುವ ಈ ನೀರನ್ನು ಮರೆಯಲಿಲ್ಲ. ಈಗ ಅವಳ ದೃಷ್ಟಿ ಬದಿಗಳಿಂದ ಮುಚ್ಚುತ್ತಾ ಬರುತ್ತಿದೆ. ಮುಂದಿನ ವರ್ಷದ ಮಾತು ಆಡಬೇಡಿ ಎಂದಿದ್ದಾರೆ ಡಾಕ್ಟರು. ಈ ಬೇಸಿಗೆ ಕಂಡರೆ ಕಂಡಳು. ಇಲ್ಲದಿದ್ದರೆ ಇಲ್ಲ."

ಅವತ್ತಿನಿಂದ ಆ ಫೈಲು ನನ್ನ ಮೇಜಿನ ಬಲಬದಿಯಲ್ಲೇ ಇತ್ತು. ಇಸ್ಮಾಯಿಲ್ ಸಾಹೇಬರು ನನ್ನಿಂದ ಮೂರು ಸಲ ಕಣ್ಣು ಮುಚ್ಚಿಸಿದರು. ಅಜ್ಜಿ ಪುಟ್ಟ ವಿಮಾನ ಹತ್ತಲು ಮೆಟ್ಟಿಲು ಎಷ್ಟು, ಕಿರಿದಾದ ಪಾತಿ ದೋಣಿಯಲ್ಲಿ ಕೂರಲು ಆಗದಿದ್ದರೆ ಏನು, ನಮಾಜಿಗೆ ನೀರು ಎಲ್ಲಿ, ಎಲ್ಲ ಕೇಳಿದರು. ಊಟದ ವಿಷಯ ಬಂದಾಗ ನಾನೇ ಗೆದ್ದೆ. ಹಲಾಲ್ ಮಾಂಸ ಅಲ್ಲಿ ಸಿಗುವುದು ಕಷ್ಟ, ಆದರೆ ಮೀನಿಗೆ ಆ ತೊಂದರೆ ಇಲ್ಲವಲ್ಲ, ಹೊಳೆ ಮೀನು ಬೇಕಾದಷ್ಟಿದೆ ಎಂದೆ. ಸಾಹೇಬರು, "ಇಲ್ಲಿ ನಜ್ದಿನ ಮರಳಲ್ಲಿ ಹುಟ್ಟಿದವರಿಗೆ ಹೊಳೆ ಮೀನು ತಿನ್ನಿಸ್ತಿಯಾ? ನೀನು ಕರಾವಳಿಯವನೇ ಸರಿ" ಎಂದು ನಕ್ಕರು. ಧೈರ್ಯಕ್ಕೆ ಇರಲಿ ಎಂದು ಅಬು ಸಾಲೆಹ್ ಮನೆಯವರು ಒಂದು ಮೂಟೆ ಅಕ್ಕಿ, ಡಬ್ಬಿಗಳು, ಖರ್ಜೂರ, ಕಾಫಿ ಹೂಜಿ ಎಲ್ಲ ಕಟ್ಟಿಕೊಂಡರು.

ಇಷ್ಟೆಲ್ಲ ಆದ ಮೇಲೆ ಮಾವುನ್ ಎಂಬ ಊರಿನಿಂದ ಒಂದು ಫಾರಂ ಬಂತು. ಡೆಲ್ಟಾದ ಬಾಗಿಲಿನಲ್ಲಿರುವ ಊರು ಅದು. ಅಲ್ಲಿಂದ ಕ್ಯಾಂಪಿಗೆ ಆರು ಸೀಟಿನ ಪುಟ್ಟ ವಿಮಾನ. ಹೆಸರು, ಪಾಸ್‌ಪೋರ್ಟ್ ನಂಬರು, ಊಟ, ಕೊನೆಯ ಸಾಲಿನಲ್ಲಿ ಪ್ರತಿಯೊಬ್ಬರ ದೇಹದ ತೂಕ. ಹಿಂದಿನ ಗಿರಾಕಿಗಳು ಇದನ್ನು ನಗುತ್ತಾ ತುಂಬಿಸಿ ಕೊಟ್ಟಿದ್ದರು. ಈಗ ನಾನು ಪೆನ್ನು ಕೆಳಗಿಟ್ಟೆ. ಆ ದೇಶದಲ್ಲಿ ಒಬ್ಬ ಗಂಡಸಿನ ಹತ್ತಿರ ಅವನ ಹೆಂಡತಿ ಹೇಗಿದ್ದಾಳೆ ಎಂದು ಸಹ ಯಾರೂ ಕೇಳುವುದಿಲ್ಲ. ಮನೆಯವರೆಲ್ಲ ಸೌಖ್ಯವೇ ಎನ್ನಬೇಕು, ಅಷ್ಟೇ. ಹೆಂಗಸರ ಪಾಸ್‌ಪೋರ್ಟ್ ಕೈಗೆ ಬಂದರೆ ನಾನು ಫೋಟೋದ ಮೇಲೆ ಒಂದು ಚೀಟಿ ಇಟ್ಟು ಹೆಸರು ಮಾತ್ರ ನಕಲು ಮಾಡುತ್ತಿದ್ದೆ. ಅಂಥವನು ಹೋಗಿ, ನಿಮ್ಮ ತಾಯಿ ಎಷ್ಟು ಕಿಲೋ, ಹೆಂಡತಿ ಎಷ್ಟು ಕಿಲೋ, ಮಗಳು ಎಷ್ಟು ಕಿಲೋ ಎಂದು ಕೇಳುವುದು ಹೇಗೆ?

ಕೇಳಲಿಲ್ಲ. ಅಬು ಸಾಲೆಹ್ ಮಾತಿನ ನಡುವೆ ತಮ್ಮ ತೂಕ ತಾವೇ ಹೇಳಿದ್ದರು, ಅದನ್ನು ಬರೆದೆ. ಉಳಿದ ಮೂರು ಸಾಲು ಖಾಲಿ. ನನಗೆ ಗೊತ್ತಿದ್ದದ್ದು ಪ್ರಪಂಚದಲ್ಲಿ ಒಬ್ಬಳೇ ಹೆಂಗಸಿನ ತೂಕ. ನನ್ನ ಹೆಂಡತಿ ಲೀನಾ ರಿಯಾದಿನ ಒಂದು ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ನರ್ಸ್. ವಾರ ವಾರ ಅಲ್ಲಿಯ ಯಂತ್ರದ ಮೇಲೆ ನಿಂತು ಬಂದು ಮನೆಯಲ್ಲಿ ವರದಿ ಒಪ್ಪಿಸುತ್ತಿದ್ದಳು. ಐವತ್ತೆಂಟು. ನಾನು ಮೂರು ಸಾಲಿಗೂ ಐವತ್ತೆಂಟು ಎಂದು ಬರೆದು ಫ್ಯಾಕ್ಸ್ ಮಾಡಿದೆ. ಸಾಹೇಬರು ಹೊರಡುವಾಗ, "ತೂಕ ಎಲ್ಲ ತಗೊಂಡ್ಯಾ?" ಎಂದು ಕೇಳಿದರು. "ತಗೊಂಡೆ ಸಾಹೇಬ್ರೆ" ಎಂದೆ. ಮಕ್ಕಳೇ, ನನ್ನ ಕೆಲಸದ ಜೀವನದಲ್ಲಿ ಹೇಳಿದ ಸುಳ್ಳುಗಳಲ್ಲಿ ಅದು ಅತಿ ಚಿಕ್ಕದು ಎಂದು ಆಗ ಅಂದುಕೊಂಡಿದ್ದೆ.

ಅವರು ಹೊರಟ ಮೂರನೇ ದಿನ. ಮಧ್ಯಾಹ್ನದ ನಮಾಜಿನ ಹೊತ್ತು. ಅಂಗಡಿಗಳೆಲ್ಲ ಶಟರ್ ಎಳೆದಿದ್ದವು, ನಮ್ಮದೂ ಸಹ. ಇಸ್ಮಾಯಿಲ್ ಸಾಹೇಬರು ಮಸೀದಿಗೆ ಹೋಗಿದ್ದರು. ನಾನೊಬ್ಬನೇ ಒಳಗೆ ಟಿಫಿನ್ ಡಬ್ಬಿ ಬಿಚ್ಚುತ್ತಿದ್ದೆ. ಫೋನ್ ಹೊಡೆಯಿತು. ದೂರದ ಕರೆ ಎಂದು ಸದ್ದಿನಲ್ಲೇ ಗೊತ್ತಾಯಿತು.

"ಯಾ ಫೆಲಿಕ್ಸ್," ಅಬು ಸಾಲೆಹ್ ದನಿ. "ನಾನು ಮಾವುನ್‌ನಲ್ಲಿ ವಿಮಾನದವರ ಆಫೀಸಿನಲ್ಲಿದ್ದೇನೆ. ಪೈಲಟ್ ಕೈಯಲ್ಲಿ ಒಂದು ಕಾಗದ ಇದೆ. ನನ್ನ ತಾಯಿ ಐವತ್ತೆಂಟು ಕಿಲೋ. ನನ್ನ ಹೆಂಡತಿ ಐವತ್ತೆಂಟು ಕಿಲೋ. ನನ್ನ ಮಗಳು ಐವತ್ತೆಂಟು ಕಿಲೋ. ಇವರನ್ನು ತೂಗಿದ್ದು ಯಾರು?"

ಇನ್ನೊಂದು ಸುಳ್ಳು ಹುಡುಕಲು ಹೊತ್ತಿರಲಿಲ್ಲ.

"ಯಾರೂ ತೂಗಲಿಲ್ಲ. ನಿಮ್ಮನ್ನು ಕೇಳಲು ನಾಚಿಕೆಯಾಯಿತು. ಅದು ನನ್ನ ಹೆಂಡತಿಯ ತೂಕ."

ಅವರು ಮುಜುಗರದಿಂದ, "ನಿನ್ನ ಹೆಂಡತಿಯ ತೂಕವನ್ನು ನನಗೆ ಯಾಕೆ ಹೇಳುತ್ತೀಯ?" ಎಂದರು.

ಏನಾಗಿತ್ತೆಂದರೆ, ಅಜ್ಜಿ ಒಳ್ಳೆಯ ಎತ್ತರದ, ಗಟ್ಟಿಮುಟ್ಟಿನ ಹೆಂಗಸು. ಪೈಲಟ್ ಅವರನ್ನು ನೋಡಿದ, ಕಾಗದ ನೋಡಿದ, ಮತ್ತೆ ಅವರನ್ನು ನೋಡಿದ. ಒಳಗಿನಿಂದ ಬಚ್ಚಲುಮನೆಯ ತೂಕದ ಯಂತ್ರ ತಂದು, ಮೂಟೆ ಹೊರುವವರೆಲ್ಲ ನಿಂತಿದ್ದ ಅಂಗಳದ ನಡುವೆ ಇಟ್ಟು, ಒಬ್ಬೊಬ್ಬರಾಗಿ ನಿಲ್ಲಿ ಎಂದ. ಅಜ್ಜಿ, "ನಾನೇನು ಹಬ್ಬಕ್ಕೆ ತಂದ ಕುರಿಯೇ? ಮನೆಗೆ ನಡೆ" ಎಂದು ಬೆನ್ನು ತಿರುಗಿಸಿ ಕೂತರು. ಮಗಳು ಅಳುತ್ತಿದ್ದಾಳೆ. ಪೈಲಟ್ ಇನ್ನು ಮುಕ್ಕಾಲು ಗಂಟೆ ಮಾತ್ರ ಕಾಯಬಲ್ಲ, ಬೇರೆ ಕ್ಯಾಂಪಿನಿಂದ ಜನರನ್ನು ತರಬೇಕು. ಆಮೇಲೆ ಮೂರು ದಿನ ಯಾವ ವಿಮಾನದಲ್ಲೂ ಜಾಗವಿಲ್ಲ. ಅವರಿಗೆ ಕ್ಯಾಂಪಿನಲ್ಲಿ ಇದ್ದದ್ದೂ ಮೂರೇ ದಿನ.

"ನನಗೆ ಸಿಟ್ಟಿಲ್ಲ ಎಂದು ತಿಳಿಯಬೇಡ" ಎಂದರು ಅಬು ಸಾಲೆಹ್. "ಸಿಟ್ಟು ಮಾಡಲು ಈಗ ಸಮಯ ಇಲ್ಲ. ತಾಯಿಯನ್ನು ಇಷ್ಟು ದೂರ ತಂದಿದ್ದೇನೆ. ನೀರು ಇನ್ನು ಅರ್ಧ ಗಂಟೆಯ ದಾರಿ. ಏನಾದರೂ ಹೇಳು."

ಹತ್ತು ನಿಮಿಷ ಕೊಡಿ ಎಂದು ಫೋನ್ ಇಟ್ಟೆ. ಕೆಲಸ ಹೋದರೆ ಇಕಾಮಾ, ಅಂದರೆ ಅಲ್ಲಿ ಇರುವ ಪರವಾನಗಿ, ಹೋಗುತ್ತದೆ, ಇಕಾಮಾ ಹೋದರೆ ಊರಿಗೆ. ಅದೂ ತಲೆಗೆ ಬಂತು, ಬರಲಿಲ್ಲ ಎಂದರೆ ಇನ್ನೊಂದು ಸುಳ್ಳಾಗುತ್ತದೆ. ಆದರೆ ಅದಕ್ಕಿಂತ ಹೆಚ್ಚಾಗಿ, ನಾನು ಒಮ್ಮೆಯೂ ಕಾಣದ ಆ ಮುದುಕಿ ಅಂಗಳದಲ್ಲಿ ಬೆನ್ನು ತಿರುಗಿಸಿ ಕೂತದ್ದು ಕಣ್ಣಿಗೆ ಕಟ್ಟಿತು. ಲೀನಾಳ ವಾರ್ಡಿಗೆ ಫೋನ್ ಮಾಡಿ ನಡೆದದ್ದು ಹೇಳಿದೆ. ನಾವು ಮಾತಾಡಿದ್ದು ಕೊಂಕಣಿಯಲ್ಲಿ, ಕನ್ನಡದಲ್ಲಿ ಬರೆಯುತ್ತೇನೆ.

"ಅಲ್ಲ ಮಾರಾಯ್ರೇ, ನನ್ನ ತೂಕ ಆಫ್ರಿಕಾಕ್ಕೆ ಕಳಿಸಿದ್ರಾ ನೀವು?"

"ಆಮೇಲೆ ಬೈ ಲೀನಾ. ಈಗ ಎಂತ ಮಾಡುದು ಹೇಳು. ಆ ಹೆಂಗಸರು ತೂಗಿಸ್ಕೊಳ್ಳುದಿಲ್ಲ ಅಂತಾರೆ."

"ತೂಗಿಸ್ಕೊಳ್ಳುದಿಲ್ಲ ಅಂತ ಯಾರು ಹೇಳಿದ್ದು? ನನ್ನ ಹತ್ರ ದಿನಾ ತೂಗಿಸ್ಕೊಳ್ತಾರೆ. ಗಂಡಸರ ಎದುರು ನಿಲ್ಲುದಿಲ್ಲ, ಅಷ್ಟೆ. ಅಲ್ಲಿ ಕೆಲಸಕ್ಕೆ ಯಾರಾದ್ರೂ ಹೆಂಗಸು ಇದ್ದಾಳಾ?"

"ಫ್ಯಾಕ್ಸಿಗೆ ಸಹಿ ಹಾಕುವ ಗ್ರೇಸ್ ಅಂತ ಒಬ್ಳು ಉಂಟು."

"ಅವಳು ಓದ್ಲಿ. ಮತ್ತೆ ಒಬ್ಬೊಬ್ಬರ ತೂಕ ಎಂತಕ್ಕೆ? ವಿಮಾನಕ್ಕೆ ಎಲ್ಲ ಸೇರಿ ಎಷ್ಟು ಅಂತ ಗೊತ್ತಾದ್ರೆ ಸಾಕಲ್ಲ. ಮಗು ಒಂದೇ ನಿಲ್ಲದಿದ್ರೆ ನಾವು ತಾಯಿ ಎತ್ತಿಕೊಂಡ ಹಾಗೇ ಯಂತ್ರದ ಮೇಲೆ ನಿಲ್ಲಿಸ್ತೇವೆ. ಇವರನ್ನೂ ಮೂವರನ್ನು ಒಟ್ಟಿಗೆ ನಿಲ್ಲಿಸ್ಲಿ. ಬ್ಯಾಗ್ ಸಮೇತ. ಆಗ ಯಾರದ್ದು ಎಷ್ಟು ಅಂತ ದೇವರಿಗೂ ಗೊತ್ತಾಗುದಿಲ್ಲ."

"ಮೂವರು ನಿಲ್ಲುವ ಯಂತ್ರ ಎಲ್ಲುಂಟು?"

"ಕ್ಯಾಂಪಿಗೆ ಮೂಟೆ ಕಳಿಸುವಾಗ ಅವರು ಕೈಯಲ್ಲಿ ಎತ್ತಿ ನೋಡಿ ಅಂದಾಜು ಮಾಡ್ತಾರಾ? ಕೇಳಿ ಒಮ್ಮೆ."

ಮಾವುನ್‌ಗೆ ಫೋನ್ ಮಾಡಿ ಕೇಳಿದೆ. ಇತ್ತು. ಸಾಮಾನು ಇಡುವ ಶೆಡ್ಡಿನ ಒಳಗೆ, ನೆಲಕ್ಕೆ ಕೂರಿಸಿದ ದೊಡ್ಡ ಹಲಗೆಯ ತೂಕದ ಯಂತ್ರ. ಪೈಲಟ್‌ಗೆ ಹೇಳಿದಾಗ ಅವನು, "ಒಟ್ಟು ತೂಕ ಸರಿಯಾಗಿ ಸಿಕ್ಕಿದರೆ ಸಾಕು, ಯಾರನ್ನು ಎಲ್ಲಿ ಕೂರಿಸಬೇಕೆಂದು ನಾನು ನೋಡಿಕೊಳ್ಳುತ್ತೇನೆ" ಎಂದ. ಗಂಡಸರೆಲ್ಲ ಶೆಡ್ಡಿನಿಂದ ಹೊರಗೆ ಬಂದರು. ಗ್ರೇಸ್ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಬು ಸಾಲೆಹ್ ಮಗಳ ಮೂಲಕ ತಾಯಿಗೆ ವಿಷಯ ತಿಳಿಸಿ ಬಂದು ಫೋನ್ ಹಿಡಿದು ನಿಂತರು. ಅವರ ಉಸಿರು ನನಗೆ ಕೇಳುತ್ತಿತ್ತು. ಅಷ್ಟರಲ್ಲಿ ದೂರದಿಂದ ಒಂದು ಸದ್ದು ತೇಲಿ ಬಂತು.

"ಏನದು?" ಎಂದು ಕೇಳಿದೆ, ಹೆದರಿ.

"ನನ್ನ ತಾಯಿ ನಗುತ್ತಿದ್ದಾಳೆ" ಎಂದರು ಅವರು.

ಆಮೇಲೆ ಗೊತ್ತಾಯಿತು. ಮೂವರೂ ಹಲಗೆಯ ಮೇಲೆ ಒಬ್ಬರನ್ನೊಬ್ಬರು ಹಿಡಿದು ನಿಂತದ್ದು, ಹಲಗೆ ಅಲ್ಲಾಡಿದ್ದು, ಅಜ್ಜಿ ಸೊಸೆಯನ್ನು ತಬ್ಬಿಕೊಂಡದ್ದು, ಕೊನೆಗೆ ಗ್ರೇಸಳನ್ನೂ ಬಾ ಎಂದು ಕರೆದದ್ದು. ಗ್ರೇಸ್ ಒಂದೇ ಒಂದು ಅಂಕಿ ಬರೆದ ಚೀಟಿ ತಂದು ಕೊಟ್ಟಳು. ತೂಕ ಹೆಚ್ಚಾಗಿತ್ತು. ಜನರಿಂದಲ್ಲ, ಮೂಟೆಗಳಿಂದ. ಯಾವುದನ್ನು ಬಿಡುವುದೆಂದು ಮಗ ಸೊಸೆ ಚರ್ಚೆಗೆ ಇಳಿದಾಗ ಅಜ್ಜಿಯೇ ತೀರ್ಪು ಕೊಟ್ಟರು: ಕಾಫಿ ಹೂಜಿ ಮತ್ತು ಖರ್ಜೂರ ಬರಲಿ, ಉಳಿದದ್ದೆಲ್ಲ ಇಲ್ಲೇ ಇರಲಿ. "ಯಲ್ಲಾ", ಹೊರಡಿ, ಎಂಬ ಒಂದು ಮಾತು ನನಗೂ ಕೇಳಿಸಿತು. ಲೈನು ಕಡಿಯಿತು.

ಶಟರ್ ಎತ್ತಿ ಇಸ್ಮಾಯಿಲ್ ಸಾಹೇಬರು ಒಳಗೆ ಬಂದಾಗ ನಾನು ಎಲ್ಲವನ್ನೂ ಹೇಳಿದೆ. ತೂಕ ತಗೊಂಡೆ ಎಂದದ್ದು ಸುಳ್ಳು ಎಂಬುದನ್ನೂ ಹೇಳಿದೆ. ಹಿಂದಿ ಬರುತ್ತದೆಂದು ಕಾದೆ. ಬರಲಿಲ್ಲ. ಅವರು ಟೋಪಿ ತೆಗೆದು ಮೇಜಿನ ಮೇಲಿಟ್ಟು ನನ್ನ ಎದುರು ಕೂತರು.

"ನೀನು ಕೇಳ್ಲಿಕ್ಕೆ ನಾಚಿದ್ದು ತಪ್ಪಲ್ಲ. ನಾನಾದ್ರೂ ನಾಚ್ತಿದ್ದೆ. ಗೊತ್ತಿಲ್ಲದ್ದನ್ನು ಗೊತ್ತುಂಟು ಅಂತ ಬರೆದದ್ದು ತಪ್ಪು. ಖಾಲಿ ಬಿಟ್ಟಿದ್ರೆ ಗ್ರೇಸ್ ಕೇಳ್ತಿದ್ಳು, ಆಗ ನಾವಿಬ್ಬರೂ ಕೂತು ಯೋಚಿಸ್ತಿದ್ದೆವು. ಖಾಲಿ ಜಾಗ ಕಂಡ್ರೆ ಎಲ್ಲರೂ ಎಚ್ಚರ ಆಗ್ತಾರೆ ಭಾಯಿ. ತುಂಬಿಸಿದ ಜಾಗ ಯಾರೂ ನೋಡುದಿಲ್ಲ."

ಕೋರ್ಸು ಮಾಡುವ ಮಕ್ಕಳಿಗೆ ನಾನು ಕೊಡಬಹುದಾದ ಪಾಠ ಇದೊಂದೇ. ಇದೂ ನನ್ನದಲ್ಲ, ಸಾಹೇಬರದ್ದು. ನಮ್ಮ ಕಫೀಲ್, ಅಂದರೆ ಏಜೆನ್ಸಿಯ ಮಾಲೀಕರು, ಎಲ್ಲಿಂದಲೋ ಸುದ್ದಿ ಕೇಳಿ ವಿಚಾರಿಸಿದಾಗ ಸಾಹೇಬರು, "ಕಛೇರಿಯ ತಪ್ಪು, ಸರಿಮಾಡಿದ್ದೇವೆ" ಎಂದರು. ನನ್ನ ಹೆಸರು ಅವರ ಬಾಯಿಂದ ಬರಲಿಲ್ಲ. ಅವರು ಈಗ ಇಲ್ಲ. ಇದ್ದಾಗ ಒಮ್ಮೆಯೂ ಬಾಯಿಬಿಟ್ಟು ಕೃತಜ್ಞತೆ ಹೇಳಲಿಲ್ಲ ಎಂಬುದು ನನಗೆ ಇವತ್ತಿಗೂ ಚುಚ್ಚುತ್ತದೆ.

ಸಂಜೆಯ ಹೊತ್ತಿಗೆ ಗ್ರೇಸಳ ಫ್ಯಾಕ್ಸ್ ಬಂತು: ನಾಲ್ಕು ಜನ, ಒಂದು ಕಾಫಿ ಹೂಜಿ ಕ್ಷೇಮವಾಗಿ ತಲುಪಿದೆ. ಒಂದು ಮೂಟೆ ಅಕ್ಕಿ ನಮ್ಮಲ್ಲಿದೆ, ಏನು ಮಾಡಲಿ? ಸಾಹೇಬರು ಓದಿ, "ಊಟ ಮಾಡ್ಲಿಕ್ಕೆ ಹೇಳು" ಎಂದರು.

ಅಲ್ಲಿಂದ ಮುಂದೆ ನಮ್ಮಲ್ಲಿ ಕೆಲಸದ ರೀತಿ ಬದಲಾಯಿತು. ಸೌದಿ ಕುಟುಂಬ ಯಾವುದೇ ಪುಟ್ಟ ವಿಮಾನ ಹತ್ತುವುದಿದ್ದರೆ, ಡ್ಯೂಟಿ ಮುಗಿಸಿ ಬಂದ ಲೀನಾ ಆ ಮನೆಯ ಯಜಮಾನಿಗೆ ಫೋನ್ ಮಾಡುತ್ತಿದ್ದಳು. ಐದು ನಿಮಿಷ ಮಕ್ಕಳ ಸುದ್ದಿ, ಐದು ನಿಮಿಷ ಮಂಡಿನೋವು, ಕೊನೆಗೆ ತೂಕ. ನನಗೆ ಸಿಗುತ್ತಿದ್ದದ್ದು ಒಟ್ಟು ಅಂಕಿ ಮಾತ್ರ. ಒಮ್ಮೆ ಕುತೂಹಲಕ್ಕೆ ಬಿಡಿಸಿ ಕೇಳಿದ್ದಕ್ಕೆ, "ನಿಮಗೆ ಎಂತಕ್ಕೆ ಅದು?" ಎಂದು ಗದರಿಸಿದಳು.

ಅಬು ಸಾಲೆಹ್ ಹಿಂತಿರುಗಿ ಬಂದವರು ನೇರ ಕಛೇರಿಗೆ ಬಂದರು. ಮೂರು ದಿನವೂ ಅಜ್ಜಿ ಹೊಳೆ ಮೀನು ತಿಂದರಂತೆ. "ನನ್ನ ತಾಯಿ ನಿನ್ನ ಹೆಂಡತಿಯನ್ನು ನೋಡಬೇಕು ಎನ್ನುತ್ತಿದ್ದಾಳೆ" ಎಂದರು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದು, ನೀರಿನ ವಿಷಯ ಮಾತಾಡಿದರು.

ಲೀನಾಳ ಡ್ಯೂಟಿ, ಅವರ ಕಡೆಯ ಮದುವೆಗಳು ಎಂದು ತಡವಾಗಿ, ನಾವು ಅವರ ಮನೆಗೆ ಹೋದದ್ದು ಚಳಿ ಬಿದ್ದ ಮೇಲೆ. ನಾನು ಗಂಡಸರ ಕೋಣೆಯಲ್ಲಿ ಅಬು ಸಾಲೆಹ್ ಜೊತೆ ಕೂತೆ. ಲೀನಾ ಒಳಗೆ ಹೋದಳು. ಒಂದು ಗಂಟೆ ಎಂದವಳು ಮೂರು ಗಂಟೆ ಕಳೆದು ಬಂದಳು. ಕಾರು ಹತ್ತಿ ಹೊರಟೆವು.

"ಅಜ್ಜಿ ಕಾಫಿ ಕಪ್ಪನ್ನು ತಡವಿ ತಗೊಂಡ್ರು" ಎಂದಳು ದಾರಿಯಲ್ಲಿ. "ನನ್ನ ಮುಖ ನೋಡ್ಲಿಕ್ಕೆ ಕೈಯಿಂದ ಮುಟ್ಟಿದ್ರು. ಬೆಳಕು ಕತ್ತಲೆ ಗೊತ್ತಾಗ್ತದೆ, ಅಷ್ಟೆ. ಬೇರೆ ಎಂತದೂ ಇಲ್ಲ."

ಮುಂದಿನ ವರ್ಷದ ಮಾತು ಆಡಬೇಡಿ ಎಂದ ಆ ಡಾಕ್ಟರು ಹೇಳಿದ್ದಕ್ಕಿಂತ ಬೇಗ ಅಜ್ಜಿಯ ದೃಷ್ಟಿ ಮುಚ್ಚಿತ್ತು.

"ಆದ್ರೆ ಎಲ್ಲ ಹೇಳಿದ್ರು. ಒಂದು ಬೆಳಿಗ್ಗೆ ಕ್ಯಾಂಪಿನವರು ಜೀಪಿನಲ್ಲಿ ಕರ್ಕೊಂಡು ಹೋದ್ರಂತೆ, ಹೊಸ ನೀರು ಬರ್ತಾ ಇರುವ ಜಾಗಕ್ಕೆ. ಒಣ ಮರಳು. ಆ ಕಡೆಯಿಂದ ಬೆರಳಿನಷ್ಟು ದಪ್ಪದ ನೀರು, ಒಣ ಎಲೆ, ಇರುವೆ ಎಲ್ಲ ದೂಡಿಕೊಂಡು ನಿಧಾನಕ್ಕೆ ಬರ್ತಾ ಉಂಟು. ಅಜ್ಜಿ ಚಾಪೆ ಹಾಕಿಸಿ, ಕಾಫಿ ಮಾಡಿಸಿ, ಎದುರಿಗೇ ಕೂತ್ರಂತೆ. ಒಂದು ಅಂಗಳದಷ್ಟು ದೂರ ಬರ್ಲಿಕ್ಕೆ ಇಡೀ ಬೆಳಿಗ್ಗೆ ತಗೊಂಡಿತಂತೆ ನೀರು. ಕಾಲಿಗೆ ಮುಟ್ಟಿದ್ರೂ ಅವರು ಕಾಲು ತೆಗಿಲಿಲ್ಲ."

"ಮತ್ತೆ?"

"ನನ್ನ ಕೈ ಹಿಡಿದುಕೊಂಡು ಹೇಳಿದ್ರು. 'ಸಣ್ಣ ಹುಡುಗಿ ಇದ್ದಾಗಿಂದ ಬಾವಿಯ ಹತ್ರ ಒಂಟೆ ಹೊಡೆದವಳು ನಾನು. ಒಂಟೆ ಎಳೆದ್ರೆ ನೀರು ಬರ್ತಿತ್ತು, ಒಂಟೆ ನಿಂತ್ರೆ ನೀರು ನಿಲ್ತಿತ್ತು. ಇದನ್ನು ಯಾರೂ ಎಳೀತಾ ಇರ್ಲಿಲ್ಲ. ತಾನೇ ನಡ್ಕೊಂಡು ನನ್ನ ಹತ್ರ ಬಂತು. ನಾನು ಅದಕ್ಕೆ ಸಲಾಂ ಹೇಳಿದೆ' ಅಂತ."

ಲೀನಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಅಲ್ಲೇ ಕೂತು ದುವಾ ಮಾಡಿದ್ರಂತೆ. ಮಕ್ಕಳಿಗೆ, ಮೊಮ್ಮಕ್ಕಳಿಗೆ, ಸತ್ತವರಿಗೆ. ಆಮೇಲೆ ನಿಮಗೆ. ನಿಮ್ಮ ಹೆಸರು ಆಗ ಅವರಿಗೆ ನೆನಪಾಗ್ಲಿಲ್ಲ. ದೇವರೇ, ಆ ಟಿಕೆಟಿನವನಿಗೆ ಒಳ್ಳೇದು ಮಾಡು ಅಂತ ಹೇಳಿದ್ರಂತೆ."

ನಾನು ಕಾರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದೆ. ಮುಂದಿನ ದಾರಿ ನನಗೆ ಕಾಣುತ್ತಿರಲಿಲ್ಲ.